ಕಿವಿ ಕೊಟ್ಟರು, ನಾಲಿಗೆ ಕೊಡಲಿಲ್ಲ

ಗೌತಮ ಧರ್ಮಸೂತ್ರದಲ್ಲಿ ಶೂದ್ರನಿಗೆ ಮೂರು ಶಿಕ್ಷೆಗಳನ್ನು ಹೇಳಿದೆ. ವೇದವನ್ನು ಕೇಳಿಸಿಕೊಂಡರೆ ಕಿವಿಗೆ ಕಾಯಿಸಿದ ಲೋಹವನ್ನೋ ಅರಗನ್ನೋ ಹೊಯ್ಯಬೇಕು. ಬಾಯಿಬಿಟ್ಟು ಉಚ್ಚರಿಸಿದರೆ ನಾಲಿಗೆ ಕತ್ತರಿಸಬೇಕು. ನೆನಪಿನಲ್ಲಿ ಇಟ್ಟುಕೊಂಡರೆ ದೇಹವನ್ನೇ ಸೀಳಬೇಕು. ಇದನ್ನು ಬರೆದವನು ಕ್ರೂರಿ ಹೌದು, ದಡ್ಡ ಅಲ್ಲ. ಕೇಳುವುದು, ಆಡುವುದು, ನೆನಪಿನಲ್ಲಿ ಕಾದಿಡುವುದು, ಈ ಮೂರು ಕೂಡಿದಾಗಲೇ ವಿದ್ಯೆ ಎಂಬುದು ಅವನಿಗೆ ಚೆನ್ನಾಗಿ ತಿಳಿದಿತ್ತು. ಅದಕ್ಕೇ ಮೂರು ಬಾಗಿಲಿಗೆ ಮೂರು ಬೀಗ ಜಡಿದ.

ಈ ಹಳೆಯ ಮಾತನ್ನು ಈಗ ಯಾಕೆ ತೆಗೆದೆವು? ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಗಡಿ ತಾಲೂಕುಗಳ ಸಾಲಿಗಳಿಗೆ ಈಗ ದನಿಯ ಕಾಲ ಬಂದಿದೆ. ಪಠ್ಯಪುಸ್ತಕದ ಮೂಲೆಯ ಕ್ಯೂಆರ್ ಕೋಡಿಗೆ ಮೊಬೈಲು ಹಿಡಿದರೆ ಪಾಠ ತೆರೆದುಕೊಳ್ಳುತ್ತದೆ. ಮಾಸ್ತರರು ತಮ್ಮ ಪಾಠವನ್ನು ತಾವೇ ಧ್ವನಿಮುದ್ರಿಸಿ ವಾಟ್ಸಪ್ಪಿನಲ್ಲಿ ಹಾಕುತ್ತಾರೆ. ಪಾಡ್‌ಕಾಸ್ಟ್ ಎಂಬ ಹೊಸ ಶಬ್ದವೂ ಬಂದಿದೆ. ಹೆಸರಿಗೆ ಹೆದರಬೇಕಾಗಿಲ್ಲ. ಕಂತು ಕಂತಾಗಿ ಬರುವ, ಬೇಕಾದಾಗ ಬೇಕಾದಲ್ಲಿ ಕೇಳಬಹುದಾದ, ಯಾರು ಬೇಕಾದರೂ ಮಾಡಬಹುದಾದ ರೇಡಿಯೊ ಅದು, ಅಷ್ಟೇ.

ಇದನ್ನು ಹೊಗಳುವವರು ಬಹಳ ಮಂದಿ ಇದ್ದಾರೆ. ನಮಗೆ ಹೊಗಳುವುದೂ ಬೇಕಾಗಿಲ್ಲ, ತೆಗಳುವುದೂ ಬೇಕಾಗಿಲ್ಲ. ನಮ್ಮದು ಒಂದೇ ಪ್ರಶ್ನೆ. ಆ ಮೂರು ಬೀಗಗಳಲ್ಲಿ ಈ ಯಂತ್ರ ಎಷ್ಟು ತೆಗೆದಿದೆ?

ಕಿವಿ

ಸಾಲಿಗೆ ದನಿ ಬಂದದ್ದು ಮೊಬೈಲಿನಿಂದ ಅಲ್ಲ. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾಯಿತು. ಅಥಣಿ, ಕಾಗವಾಡದ ಕಡೆಯ ಮಂದಿ ಒಂದು ಕಿವಿಯಲ್ಲಿ ಧಾರವಾಡ, ಇನ್ನೊಂದು ಕಿವಿಯಲ್ಲಿ ಸಾಂಗ್ಲಿ ಕೇಳುತ್ತ ಬೆಳೆದವರು. ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ರಾಜ್ಯದ ಸರಕಾರಿ ಸಾಲಿಗಳಿಗೆ ರೇಡಿಯೊ ಪಾಠಗಳು ಬಂದವು. 'ಚಿನ್ನರ ಚುಕ್ಕಿ', 'ಚುಕ್ಕಿ ಚಿನ್ನ', 'ಕೇಳಿ ಕಲಿ' ಎಂಬ ಹೆಸರುಗಳು ಆಗಿನ ಮಾಸ್ತರರಿಗೆ ಇನ್ನೂ ನೆನಪಿವೆ. ಅವುಗಳಲ್ಲಿ ಕೆಲವಕ್ಕೆ ಬಳಸಿದ ಪದ್ಧತಿ ಹುಟ್ಟಿದ್ದು 1970ರ ದಶಕದಲ್ಲಿ, ದೂರದ ನಿಕರಾಗುವಾದಲ್ಲಿ, ಬಡ ಮಕ್ಕಳಿಗೆ ರೇಡಿಯೊದಿಂದ ಗಣಿತ ಕಲಿಸಲಿಕ್ಕೆ. ರೇಡಿಯೊ ಪ್ರಶ್ನೆ ಕೇಳುತ್ತದೆ, ಕೆಲವು ಸೆಕೆಂಡು ಸುಮ್ಮನಿರುತ್ತದೆ, ಮಕ್ಕಳು ಕೂಗಿ ಉತ್ತರ ಹೇಳುತ್ತಾರೆ, ರೇಡಿಯೊ ಸರಿ ಉತ್ತರ ಹೇಳಿ ಮುಂದೆ ಹೋಗುತ್ತದೆ.

ಇದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಒಬ್ಬರೇ ಮಾಸ್ತರರು ಮೂರು ನಾಲ್ಕು ಇಯತ್ತೆ ನೋಡಿಕೊಳ್ಳುವ ಸಾಲಿಯಲ್ಲಿ, ಹಾಡು ಕಥೆ ನಾಟಕ ಹೊತ್ತು ತರುವ ಒಂದು ಪೆಟ್ಟಿಗೆ ಸಣ್ಣ ಮಾತಲ್ಲ. ಕಣ್ಣು ಕಾಣದ ಮಗುವಿಗೆ ದನಿಯೇ ಪುಸ್ತಕ. ಓದಲು ತಡವರಿಸುವ ಮಗುವಿಗೂ ಕಥೆಯ ಸುಖ ಸಿಗುತ್ತದೆ. ಕಬ್ಬಿನ ಸುಗ್ಗಿಯಲ್ಲಿ ಅಪ್ಪ ಅವ್ವನ ಬೆನ್ನು ಹತ್ತಿ ಹೋಗುವ ಮಗುವಿಗೆ ಅವ್ವನ ಮೊಬೈಲಿನಲ್ಲಿ ನಾಲ್ಕು ಪಾಠ ಹಾಕಿ ಕಳಿಸಿದರೆ ಅದು ಆ ಮಗುವಿಗೆ ಸಾಲಿಯ ಎಳೆ. ವಿಡಿಯೊದ ಹಾಗೆ ಇದು ಡಾಟಾ ನುಂಗುವುದಿಲ್ಲ. ಬಡವರ ಮನೆಯ ಲೆಕ್ಕದಲ್ಲಿ ಇದೂ ಒಂದು ಗುಣ.

ಆದರೆ ಆ ಕೆಲವು ಸೆಕೆಂಡಿನ ಮೌನವನ್ನು ಸ್ವಲ್ಪ ನೋಡೋಣ. ರಾಯಬಾಗ ತಾಲೂಕಿನ ಒಂದು ಸಾಲಿಯಲ್ಲಿ ನಾವು ಹಿಂದೆ ಕೂತು ಕೇಳುತ್ತಿದ್ದೆವು. ಮೊಬೈಲಿನಿಂದ ಒಂದು ಧ್ವನಿಪಾಠ ನಡೆದಿತ್ತು. ಪಾಠದ ಅಕ್ಕ ಕೇಳಿದಳು: "ಮಕ್ಕಳೇ, ನಿಮ್ಮ ಮನೆಯಲ್ಲಿ ಎಷ್ಟು ಕೋಣೆಗಳಿವೆ? ಹೇಳಿ ನೋಡೋಣ." ಮೂಲೆಯಲ್ಲಿ ಕೂತಿದ್ದ ಒಬ್ಬ ಹುಡುಗಿ ಎದ್ದು ನಿಂತು ಹೇಳಿದಳು: "ನಮ್ಮದು ತಾಡಪತ್ರಿ ರೀ." ಅವಳು ಕಬ್ಬು ಕಡಿಯುವ ಗ್ಯಾಂಗಿನವರ ಮಗಳು. ಅಷ್ಟರಲ್ಲಿ ಮೌನ ಮುಗಿಯಿತು. ಪಾಠದ ಅಕ್ಕ ಖುಷಿಯಿಂದ ಹೇಳಿದಳು: "ತುಂಬಾ ಚೆನ್ನಾಗಿ ಹೇಳಿದಿರಿ! ಎಲ್ಲರೂ ಚಪ್ಪಾಳೆ ತಟ್ಟಿ!" ಮಕ್ಕಳು ಚಪ್ಪಾಳೆ ತಟ್ಟಿದರು.

ಆ ಅಕ್ಕನ ತಪ್ಪು ಇದರಲ್ಲಿ ಏನೂ ಇಲ್ಲ. ಅವಳು ಎಲ್ಲೋ ಒಂದು ಮುಚ್ಚಿದ ಕೋಣೆಯಲ್ಲಿ ಕೂತು, ಕಾಣದ ಮಕ್ಕಳಿಗೆ ಪ್ರೀತಿಯಿಂದಲೇ ಮಾತಾಡಿದ್ದಳು. ತಪ್ಪು ಇರುವುದು ಆ ಮೌನವನ್ನು ನಾವು 'ಸಂವಾದ' ಎಂದು ಕರೆಯುವುದರಲ್ಲಿ. ಉತ್ತರ ಮೊದಲೇ ಮುದ್ರಿತವಾಗಿದ್ದರೆ ಅಲ್ಲಿ ಮಗು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಬ್ರೆಜಿಲಿನ ಪಾವ್ಲೊ ಫ್ರೇರೆ ಇಂಥ ಶಿಕ್ಷಣವನ್ನು ಬ್ಯಾಂಕಿನ ಖಾತೆಗೆ ಹಣ ತುಂಬುವುದಕ್ಕೆ ಹೋಲಿಸಿದ್ದ. ಮಗು ಖಾಲಿ ಖಾತೆ, ತುಂಬುವವರು ಬೇರೆಯವರು. ತಾಡಪತ್ರಿಯ ಕೆಳಗೆ ಮಲಗುವ ಮಗುವಿಗೆ ತನ್ನ ಮನೆ ಎಂಥದು ಎಂಬ ತಿಳಿವಳಿಕೆ ಇದೆಯಲ್ಲ, ಆ ಜಮೆಯನ್ನು ಹಿಡಿಯುವ ಕಾಲಂ ಆ ಪಾಠದಲ್ಲಿ ಇರಲಿಲ್ಲ.

2020ರ ಮಾರ್ಚಿನಲ್ಲಿ ಸಾಲಿ ಮುಚ್ಚಿದಾಗ ಇದು ಇನ್ನೂ ನಿಚ್ಚಳವಾಯಿತು. ಚಂದನ ವಾಹಿನಿಯಲ್ಲಿ ಪಾಠ ಬಂತು, ಮೊಬೈಲಿನಲ್ಲಿ ಪಾಠ ಬಂತು. ಆಗಸ್ಟಿನಲ್ಲಿ 'ವಿದ್ಯಾಗಮ' ಎಂದು ಮಾಸ್ತರರು ಗುಡಿಯ ಕಟ್ಟೆಗೆ, ಗಿಡದ ನೆರಳಿಗೆ ಮಕ್ಕಳನ್ನು ಕೂಡಿಸಿದರು. ಯಾವ ಕಟ್ಟೆಗೆ ಯಾವ ಕೇರಿಯ ಮಗು ಬರಬಹುದು ಎಂಬ ಪ್ರಶ್ನೆ ಹಳ್ಳಿಯಲ್ಲಿ ಎದ್ದೇ ಏಳುತ್ತದೆ. ಆ ಪ್ರಶ್ನೆಯನ್ನು ಯಾವ ಧ್ವನಿಪಾಠವೂ ಕೇಳಿಸಿಕೊಳ್ಳಲಿಲ್ಲ. ಯಾಕೆಂದರೆ ಅದಕ್ಕೆ ಬಾಯಿ ಇತ್ತು, ಕಿವಿ ಇರಲಿಲ್ಲ. ಕಿವಿ ಮಕ್ಕಳದು ಮಾತ್ರ.

ಮೊದಲ ಬೀಗ ಬಿಚ್ಚಿದೆ ಎಂದು ಒಪ್ಪೋಣ. ನಮ್ಮ ಮಕ್ಕಳ ಕಿವಿಗೆ ಈಗ ಕಾದ ಲೋಹ ಬೀಳುವುದಿಲ್ಲ. ಪಾಠ ಬೀಳುತ್ತದೆ. ಎರಡನೆಯ ಬೀಗಕ್ಕೆ ಬರೋಣ.

ನಾಲಿಗೆ

ನಾವು ಈ ಲೇಖನದಲ್ಲಿ 'ಸಾಲಿ' ಎಂದೇ ಬರೆಯುತ್ತಿದ್ದೇವೆ. ಕೆಲವು ಓದುಗರಿಗೆ ಅದು ಕಿರಿಕಿರಿ ಆಗಿರಬಹುದು. ನಮ್ಮ ಮಗು ಮೊದಲ ದಿನ ಸಾಲಿಗೆ ಬಂದು "ಸಾಲಿ" ಅಂದಾಗ ಇದೇ ಕಿರಿಕಿರಿ ಮಾಸ್ತರರ ಮುಖದಲ್ಲಿ ಕಾಣುತ್ತದೆ. "ಸಾಲಿ ಅಲ್ಲೋ, ಶಾಲೆ." ಹೀಗೆ ಕಲಿಕೆಯ ಮೊದಲ ಪಾಠವೇ 'ನಿಮ್ಮವ್ವ ಆಡೂದು ತಪ್ಪು' ಎಂಬುದಾಗುತ್ತದೆ. ಶಿಷ್ಟ ಕನ್ನಡ ನಮ್ಮ ಮಕ್ಕಳಿಗೆ ಬ್ಯಾಡ ಅಂತ ನಾವು ಹೇಳುವುದಿಲ್ಲ. ಬೇಕು. ಅರ್ಜಿ ಬರೆಯಲಿಕ್ಕೆ, ಕೋರ್ಟಿನಲ್ಲಿ ನಿಲ್ಲಲಿಕ್ಕೆ, ವಿಧಾನಸಭೆಯಲ್ಲಿ ಗದರಿಸಲಿಕ್ಕೆ ಬೇಕೇ ಬೇಕು. ಆದರೆ ಅದನ್ನು ಕೊಡಲಿಕ್ಕೆ ಇದನ್ನು ಕಸಿಯಬೇಕಾಗಿಲ್ಲ.

ನಮ್ಮ ಗಡಿ ತಾಲೂಕುಗಳಲ್ಲಿ ಇದು ಇನ್ನೂ ತೊಡಕಿನದು. ಒಂದೇ ಊರಿನಲ್ಲಿ ಕನ್ನಡ, ಮರಾಠಿ, ಉರ್ದು ಸಾಲಿಗಳಿವೆ. ನಿಪ್ಪಾಣಿಯ ಕಡೆ ಮನೆಯಲ್ಲಿ ಮರಾಠಿ ಆಡಿ ಕನ್ನಡ ಸಾಲಿಗೆ ಬರುವ ಮಗುವಿದೆ. ಕಾಗವಾಡದ ಕಡೆ ಒಂದೇ ವಾಕ್ಯದಲ್ಲಿ ಎರಡೂ ಆಡುವ ಮಗುವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಕಲಮು ಸಾಧ್ಯವಾದ ಮಟ್ಟಿಗೂ ಮಗುವಿನ ತಾಯ್ನುಡಿಯಲ್ಲೇ ಕಲಿಸಬೇಕು ಎನ್ನುತ್ತದೆ. ತಾಯಿ ಆಡುವ ನುಡಿ ಯಾವುದು ಎಂದು ತಾಯಿಯನ್ನು ಕೇಳಿದವರು ಯಾರು? ಗಡಿಯ ಜಗಳ ಮಾಡುವವರಿಗೆ ಭಾಷೆ ಅಂದರೆ ಬೋರ್ಡು. ನಮಗೆ ಭಾಷೆ ಅಂದರೆ ಬಾಯಿ.

ದನಿ ಹಿಡಿಯುವ ಯಂತ್ರದಿಂದ ಎರಡನೆಯ ಬೀಗ ತೆಗೆಯಬಹುದು ಎಂಬ ಆಸೆ ನಮಗೂ ಇತ್ತು. ಆ ಆಸೆಯಿಂದ ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಬೇಕು.

ಅಥಣಿಯ ಕಡೆಯ ಒಂದು ಸಾಲಿಯಲ್ಲಿ ಏಳನೆಯ ಇಯತ್ತೆಯ ಒಬ್ಬ ಹುಡುಗ ಇದ್ದ. 'ಬಾಯಿ ಬಿಡೂದಿಲ್ಲ' ಎಂದು ಹೆಸರಾದವನು. ಅವನ ಮನೆಯವರು ಚಪ್ಪಲಿ ಮಾಡುವವರು. ಜಗತ್ತು ಕೊಲ್ಹಾಪುರಿ ಎಂದು ಕರೆಯುವ ಚಪ್ಪಲಿಯ ದೊಡ್ಡ ಪಾಲು ಅಥಣಿ, ನಿಪ್ಪಾಣಿಯ ಕಡೆಯ ಕೈಗಳದು. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮುದ್ರೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹೆಸರೂ ಸೇರಿತು. ನಾವು ಆ ಹುಡುಗನ ಮುಂದೆ ಮೊಬೈಲು ಇಟ್ಟು ಕೇಳಿದೆವು: "ನಿಮ್ಮಪ್ಪ ಚಪ್ಪಲಿ ಹೆಂಗ ಮಾಡ್ತಾನ ಹೇಳಪಾ." ಹುಡುಗ ಮಾತಾಡತೊಡಗಿದ. ಚರ್ಮ ಹದ ಮಾಡುವುದು, ರಂಪಿಗಿ ಹಿಡಿಯುವುದು, ಮೊಳೆ ಇಲ್ಲದೆ ಚರ್ಮದ ಎಳೆಯಿಂದಲೇ ಹೊಲಿಯುವುದು, ಅವ್ವ ಹೆಣಿಕೆ ಹಾಕುವುದು. ಕಾಪಶಿ, ಪಾಯತಾನ, ಕಚಕಡಿ, ಬಕ್ಕಲನಾಲಿ, ಪುಕರಿ ಎಂದು ಚಪ್ಪಲಿಯ ಜಾತಿಗಳನ್ನು ಎಣಿಸಿದ. ಬಾಯಿ ಇಲ್ಲದ ಹುಡುಗ ಹನ್ನೊಂದು ನಿಮಿಷ ನಿಲ್ಲದೆ ಮಾತಾಡಿದ. ನಮಗೋ ಹಿಗ್ಗು. ಇಡೀ ವರ್ಗಕ್ಕೆ ಅದನ್ನು ಕೇಳಿಸಿದೆವು.

ಮರುದಿನ ಅವನು ಸಾಲಿಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ವಿಚಾರಿಸಿದರೆ, ಬಿಡುವಿನ ಹೊತ್ತಿನಲ್ಲಿ ಹುಡುಗರು ಅವನ ದನಿಯನ್ನೇ ಅಣಕಿಸಿ, ಜಾತಿ ಹಿಡಿದು ಕರೆದಿದ್ದರು. ಊರಿಗೆ ಅವನ ಜಾತಿ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿದ್ದದ್ದನ್ನು ಸಾಲಿಯ ಒಳಗೆ ಮೈಕು ಹಚ್ಚಿ ಸಾರಿದವರು ನಾವು.

ನಾವು ಅವನ ಮನೆಗೆ ಹೋದೆವು. ಅವರಪ್ಪ ಕೆಲಸ ನಿಲ್ಲಿಸದೆ, ತಲೆ ಎತ್ತದೆ ಹೇಳಿದ: "ನಮ್ಮ ಕೆಲಸದ ನಾಚಿಕಿ ನಮಗಿಲ್ರಿ ಸರ. ಆದ್ರ ಇವನೊಬ್ಬನ ಬಾಯಿಗೆ ಯಾಕ ಹಿಡಿದ್ರಿ? ಗೌಡರ ಹುಡುಗನ ಬಾಯಿಗೂ ಹಿಡೀರಿ. ನಿಮ್ಮ ಹೊಲದಾಗ ಯಾರು ದುಡೀತಾರ, ಏನ ಕೊಡ್ತೀರಿ ಅಂತ ಅವಂಗೂ ಕೇಳ್ರಿ. ಆಮ್ಯಾಲ ಇಬ್ಬರದೂ ಕೂಡೇ ಕೇಳಸ್ರಿ."

ಶಿಕ್ಷಣದ ಬಗ್ಗೆ ನಾವು ಓದಿದ ಎಷ್ಟೋ ಪುಸ್ತಕಗಳಿಗಿಂತ ಈ ಮಾತು ದೊಡ್ಡದು. ದಲಿತನ ದನಿಯನ್ನು ಮಾತ್ರ ಮುದ್ರಿಸುವುದು ಅವನನ್ನು ವಸ್ತುಸಂಗ್ರಹಾಲಯದಲ್ಲಿ ಇಟ್ಟಂತೆ. ಎಲ್ಲರೂ ಬಂದು ನೋಡಿ 'ಪಾಪ' ಎಂದೋ 'ಭಲೇ' ಎಂದೋ ಹೋಗುತ್ತಾರೆ. ನೋಡುವವನ ಬದುಕು ಮಾತ್ರ ಯಾರ ಪ್ರಶ್ನೆಗೂ ಸಿಗುವುದಿಲ್ಲ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಇದೇ ಬಗೆಯ ಚಪ್ಪಲಿ ಮೆರೆಸಿತು. ಮಾಡುವವರ ಹೆಸರು ಎತ್ತಲಿಲ್ಲ. ಗದ್ದಲವಾದ ಮೇಲೆ ಭಾರತದ ಕೈಕಸುಬಿನ ಋಣ ಒಪ್ಪಿಕೊಂಡಿತು. ವಸ್ತುವನ್ನು ಎತ್ತಿಕೊಂಡು ಕೈಯನ್ನು ಬಿಡುವುದು ಪ್ರಾಡಾ ಮಾಡಿದ್ದು. ದನಿಯನ್ನು ಎತ್ತಿಕೊಂಡು ಹುಡುಗನನ್ನು ಬಿಡುವುದು ನಾವು ಮಾಡಿದ್ದು. ಅಳತೆ ಬೇರೆ, ಗುಣ ಒಂದೇ.

ಮುಂದೆ ನಾವು ಕ್ರಮ ಬದಲಿಸಿದೆವು. ಮೊದಲು ಮಾಸ್ತರರು ತಮ್ಮ ಮನೆಯ ಕೆಲಸದ ಬಗ್ಗೆ, ತಮ್ಮ ಮನೆಯಲ್ಲಿ ಯಾರು ಪಾತ್ರೆ ತೊಳೆಯುತ್ತಾರೆ ಎಂಬುದರ ಬಗ್ಗೆ ಮಾತಾಡಿ ಮುದ್ರಿಸಬೇಕು. ಆಮೇಲೆ ವರ್ಗದ ಎಲ್ಲ ಮಕ್ಕಳೂ, ಒಬ್ಬರೂ ಬಿಡದೆ, ಒಂದೇ ಪ್ರಶ್ನೆಗೆ ಉತ್ತರ ಹೇಳಬೇಕು: 'ನಿಮ್ಮ ಮನ್ಯಾಗ ಮುಂಜಾನೆ ಮೊದಲ ಯಾರು ಏಳ್ತಾರ, ಕಡೀಕ ಯಾರು ಮಲಗ್ತಾರ?' ಇಂಥ ಪ್ರಶ್ನೆಗೆ ಜಾತಿ ಅಡ್ಡ ಬರುವುದಿಲ್ಲ, ಆದರೆ ಉತ್ತರದಲ್ಲಿ ಜಾತಿ, ಹೆಣ್ಣು, ಹೊಲ, ಕೂಲಿ ಎಲ್ಲವೂ ಬರುತ್ತವೆ. ಎಲ್ಲರೂ ಬಿಚ್ಚಿಕೊಂಡಾಗ ಒಬ್ಬನೇ ಬೆತ್ತಲಾಗುವುದಿಲ್ಲ. ಆ ಹುಡುಗ ಎರಡು ವಾರದ ಮೇಲೆ ಬಂದ. ಮೈಕಿನ ಮುಂದೆ ಬರಲು ಮಾತ್ರ ಒಪ್ಪಲಿಲ್ಲ. ನಾವು ಒತ್ತಾಯ ಮಾಡಲಿಲ್ಲ. ಸುಮ್ಮನಿರುವುದೂ ಅವನ ಹಕ್ಕು.

ಇದರಿಂದ ಬರವಣಿಗೆಗೂ ಲಾಭವಿದೆ. ಮಗು ಆಡಿದ್ದನ್ನು ಅದೇ ಮಗು ಮತ್ತೆ ಮತ್ತೆ ಕೇಳಿ, ತಾನು ಆಡಿದ ಹಾಗೆಯೇ ಹಲಗೆಯ ಎಡಕ್ಕೆ ಬರೆಯಲಿ. ಅದನ್ನೇ ಪುಸ್ತಕದ ಕನ್ನಡದಲ್ಲಿ ಬಲಕ್ಕೆ ಬರೆಯಲಿ. 'ಸಾಲಿಗಿ ಹೋಗಾಕತ್ತೀನಿ' ಎಡಕ್ಕೆ, 'ಶಾಲೆಗೆ ಹೋಗುತ್ತಿದ್ದೇನೆ' ಬಲಕ್ಕೆ. ಮನೆಯ ನುಡಿ ಮರಾಠಿಯಾದರೆ ಎಡಕ್ಕೆ ಮರಾಠಿಯೇ ಇರಲಿ. ಎರಡರ ನಡುವೆ ತಪ್ಪು ಸರಿ ಎಂಬ ಗೆರೆ ಬ್ಯಾಡ. ಇದು ಮನೆಯ ಮಾತು, ಇದು ಅರ್ಜಿಯ ಮಾತು, ಅಷ್ಟು ಸಾಕು. ಮೊದಲ ದಿನ ಮಕ್ಕಳು ತಮ್ಮ ದನಿ ಕೇಳಿ ನಗುತ್ತಾರೆ, "ನನ್ನ ದನಿ ಹಿಂಗ ಐತೇನ್ರಿ?" ಅಂತಾರೆ. ಮೂರನೆಯ ದಿನ ತಮ್ಮ ವಾಕ್ಯವನ್ನು ತಾವೇ ತಿದ್ದಲು ಕೂಡುತ್ತಾರೆ. ಕೆಂಪು ಮಸಿಯ ಕೆಲಸ ಅಲ್ಲಿ ಕಿವಿಯೇ ಮಾಡುತ್ತದೆ.

ನೆನಪು

ಮೂರನೆಯ ಬೀಗ ಎಲ್ಲಕ್ಕಿಂತ ಗಟ್ಟಿ. ಆಡಿದ್ದನ್ನು ಯಾರು ಇಟ್ಟುಕೊಳ್ಳುತ್ತಾರೆ?

1925ರ ಏಪ್ರಿಲಿನಲ್ಲಿ ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತು ನಡೆಯಿತು. ಬಾಬಾಸಾಹೇಬ ಅಂಬೇಡ್ಕರ್ ಅದರ ಅಧ್ಯಕ್ಷರಾಗಿದ್ದರು. ಮಹಾಡದ ಕೆರೆಗೆ ಇನ್ನೂ ಎರಡು ವರ್ಷ ಇತ್ತು. ನಮ್ಮ ನೆಲದಲ್ಲಿ ನಿಂತು ಅವರು ಆಡಿದ ಆ ದಿನದ ದನಿ ನಮ್ಮ ಮಕ್ಕಳಿಗೆ ಕೇಳಲು ಉಳಿದಿಲ್ಲ. ದನಿ ಹಿಡಿಯುವ ಯಂತ್ರ ಆಗ ಅರಮನೆಯ ಗವಾಯಿಗಳನ್ನು, ನಾಟಕ ಕಂಪನಿಯ ನಟರನ್ನು ಹಿಡಿಯುತ್ತಿತ್ತು. ಬಹಿಷ್ಕೃತರ ಸಭೆಗೆ ಅದು ಬರುವ ಕಾಲ ಅಲ್ಲ. ಇವತ್ತು ನಮ್ಮ ಮಕ್ಕಳು ಬಾಬಾಸಾಹೇಬರ ದನಿ ಕೇಳಬೇಕೆಂದರೆ 1955ರಲ್ಲಿ ಬಿಬಿಸಿ ಮುದ್ರಿಸಿದ ಇಂಗ್ಲಿಷು ಸಂದರ್ಶನ ಸಿಗುತ್ತದೆ. ಅದನ್ನು ವರ್ಗದಲ್ಲಿ ಕೇಳಿಸಿರಿ. ಇಂಗ್ಲಿಷು ತಿಳಿಯದಿದ್ದರೂ ಆ ದನಿಯಲ್ಲಿ ಯಾರ ಹಂಗೂ ಇಲ್ಲ ಎಂಬುದು ತಿಳಿಯುತ್ತದೆ. ಆದರೆ ನಿಪ್ಪಾಣಿಯ ದನಿ ಎಲ್ಲಿ ಎಂದು ಮಗು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ.

ಅದೇ ನಿಪ್ಪಾಣಿಯ ಇನ್ನೊಂದು ದನಿ ಉಳಿದಿದೆ. 1981ರ ಏಪ್ರಿಲಿನಲ್ಲಿ ತಂಬಾಕಿನ ಬೆಲೆಗಾಗಿ ಹೆದ್ದಾರಿ ತಡೆದು ಕೂತ ರೈತರ ಮೇಲೆ ಗೋಲೀಬಾರು ಆಗಿ ಹನ್ನೆರಡು ಜನ ಸತ್ತರು. ಅದೇ ಕಾಲದಲ್ಲಿ ತಂಬಾಕಿನ ಕಾರಖಾನೆಗಳಲ್ಲಿ ಧೂಳು ಕುಡಿದು ದುಡಿಯುತ್ತಿದ್ದ ಹೆಣ್ಣುಮಕ್ಕಳು ಸಂಘ ಕಟ್ಟಿದ್ದರು. ದೀಪಾ ಧನರಾಜ್ ಮತ್ತು ಗೆಳತಿಯರ 'ಯುಗಾಂತರ' ಎಂಬ ತಂಡ ಆ ಹೆಣ್ಣುಮಕ್ಕಳ ಜೊತೆ ಕೂಡಿ 1982ರಲ್ಲಿ 'ತಂಬಾಕೂ ಚಾಕೀಲಾ ಊಬ ಆಲಿ' ಎಂಬ ಚಿತ್ರ ಮಾಡಿತು. ಅರ್ಧ ತಾಸಿಗಿಂತ ಕಡಿಮೆಯ ಚಿತ್ರ. ಆದರೆ ಅದರಲ್ಲಿ ಹೆಣ್ಣುಮಕ್ಕಳು ಮಾಲಕರ ದಬ್ಬಾಳಿಕೆ, ಮೈಮೇಲೆ ಕೈ ಹಾಕುವ ಗಂಡಸರು, ಕೂಲಿ, ಸಂಘ ಎಲ್ಲದರ ಬಗ್ಗೆ ತಮ್ಮ ಬಾಯಿಂದ ತಮ್ಮ ಮರಾಠಿಯಲ್ಲಿ ಹೇಳುತ್ತಾರೆ. ಆ ಕಾಲದ ಎಷ್ಟೋ ಸಾಕ್ಷ್ಯಚಿತ್ರಗಳಲ್ಲಿ ಬಡವರು ದುಡಿಯುವುದು ಕಾಣುತ್ತದೆ, ಮೇಲೆ ಒಬ್ಬ ವಿದ್ಯಾವಂತನ ದನಿ ಅರ್ಥ ಹೇಳುತ್ತದೆ. ಇದರಲ್ಲಿ ಅರ್ಥ ಹೇಳುವವರೂ ಅವರೇ. ಇದು ಇದರ ದೊಡ್ಡ ಗುಣ. ಇತ್ತೀಚೆಗೆ ಬರ್ಲಿನ್ನಿನ ಆರ್ಸೆನಾಲ್ ಸಂಸ್ಥೆಯ ಮುತುವರ್ಜಿಯಿಂದ ಯುಗಾಂತರದ ಚಿತ್ರಗಳು ಮತ್ತೆ ಜೀವ ಪಡೆದು ಜಗತ್ತಿನ ಹಲವೆಡೆ ತೋರುತ್ತಿವೆ. ಸಂತೋಷ. ಆದರೆ ನಿಪ್ಪಾಣಿಯ ಸಾಲಿಯಲ್ಲಿ ಕೂತ ಮೊಮ್ಮಗಳಿಗೆ ತನ್ನ ಆಯಿಯ ಕಾಲದ ದನಿ ಬರ್ಲಿನ್ನಿನಲ್ಲಿದೆ ಎಂಬುದೂ ಗ್ವತ್ತಿಲ್ಲ. ನಾವು ಕಂಡ ಯಾವ ಧ್ವನಿಪಾಠದಲ್ಲೂ ಅದು ಬಂದಿಲ್ಲ. ಪಾಡ್‌ಕಾಸ್ಟ್ ಮಾಡಬೇಕು ಎನ್ನುವ ನಿಪ್ಪಾಣಿಯ ಮಾಸ್ತರರಿಗೆ ಮೊದಲ ಕಂತು ಇದೇ ಆಗಬಹುದಿತ್ತು: ಆ ಚಿತ್ರ ನೋಡುವುದು, ಇನ್ನೂ ಬದುಕಿರುವ ಆಯಿಗಳ ಹತ್ತಿರ ಮಕ್ಕಳನ್ನು ಕಳಿಸುವುದು, 'ನೀವೂ ಆಗ ಇದ್ರೇನ್ರಿ?' ಎಂದು ಕೇಳಿಸುವುದು.

ನೆನಪನ್ನು ಹೇಗೆ ಇಡಬೇಕು ಎಂಬುದಕ್ಕೆ ಗಡಿಯಾಚೆ ಒಂದು ಒಳ್ಳೆಯ ಮಾದರಿ ಇದೆ. ಹೇಮಾ ರಾಯರಕರ್ ಮತ್ತು ಗೀ ಪ್ವಾತ್ವೆಂ ಎಂಬಿಬ್ಬರು ತಮ್ಮ ತಂಡದ ಜೊತೆ ಮಹಾರಾಷ್ಟ್ರದ ಸಾವಿರಕ್ಕೂ ಮಿಕ್ಕಿದ ಹಳ್ಳಿಗಳಿಂದ ಬೀಸುವ ಕಲ್ಲಿನ ಓವಿಗಳನ್ನು ಕೂಡಿಸಿದರು. ಒಂದು ಲಕ್ಷಕ್ಕೂ ಹೆಚ್ಚು ಓವಿಗಳು. ಅವುಗಳಲ್ಲಿ ಬಾಬಾಸಾಹೇಬರ ಮೇಲೆ ದಲಿತ ಹೆಣ್ಣುಮಕ್ಕಳು ಕಟ್ಟಿದವೂ ಇವೆ. ಪಿ. ಸಾಯಿನಾಥ್ ಕಟ್ಟಿದ 'ಪರಿ' ಎಂಬ ಗ್ರಾಮೀಣ ಭಾರತದ ಭಂಡಾರ 2017ರಿಂದ ಇವನ್ನು ಎಲ್ಲರಿಗೂ ಕೇಳಿಸುತ್ತಿದೆ. ನಾವು ಮೆಚ್ಚಬೇಕಾದದ್ದು ಲಕ್ಷದ ಲೆಕ್ಕವನ್ನಲ್ಲ. ಹಾಡಿದವಳ ಹೆಸರು, ಊರು, ಕಸುಬು ಹಾಡಿನ ಜೊತೆಗೇ ಇವೆ. ಅವಳು 'ಜನಪದ' ಎಂಬ ಹೆಸರಿಲ್ಲದ ಗುಂಪಾಗಿ ಕರಗಿಲ್ಲ.

ನಮ್ಮ ಕಡೆ ನೋಡಿರಿ. ಹಲಸಂಗಿ ಗೆಳೆಯರು 1931ರಲ್ಲಿ ಹೊರತಂದ ಹೆಣ್ಣುಮಕ್ಕಳ ಹಾಡುಗಳ ಸಂಗ್ರಹ ಕನ್ನಡಕ್ಕೆ ದೊಡ್ಡ ಆಸ್ತಿ. ಅವರ ದುಡಿಮೆಗೆ ನಾವು ಋಣಿ. ಆದರೆ ಅದಕ್ಕೆ ಇಟ್ಟ ಹೆಸರು 'ಗರತಿಯ ಹಾಡು'. ಗರತಿ ಎನ್ನುವ ಪಟ್ಟ ಊರು ಯಾರಿಗೆ ಕೊಟ್ಟಿತ್ತು, ಯಾರಿಗೆ ಕೊಟ್ಟಿರಲಿಲ್ಲ? ರಾಯಬಾಗ, ಅಥಣಿ, ಚಿಕ್ಕೋಡಿಯ ಕೇರಿಗಳಲ್ಲಿ ಮುತ್ತು ಕಟ್ಟಿಸಿಕೊಂಡ ನಮ್ಮ ಅಕ್ಕತಂಗಿಯರು ಚೌಡಕಿ ಹಿಡಿದು ಹಾಡಿದ ಪದಗಳಿಗೆ ಆ ಹೆಸರಿನ ಕೆಳಗೆ ಜಾಗ ಎಲ್ಲಿ? ದೇವದಾಸಿ ಬಿಡುವುದನ್ನು ನಿಷೇಧಿಸಿ ಕರ್ನಾಟಕ 1982ರಲ್ಲಿ ಕಾಯ್ದೆ ಮಾಡಿತು. ಆ ತಾಯಂದಿರ ಮಕ್ಕಳು ನಮ್ಮ ವರ್ಗದಲ್ಲಿ ಕೂತಿದ್ದಾರೆ. ಹಾಜರಿ ಪುಸ್ತಕದಲ್ಲಿ ಅಪ್ಪನ ಹೆಸರು ಕೂಗುವಾಗ ಅವರ ತಲೆ ಕೆಳಗಾಗುತ್ತದೆ. ಅವರ ಅವ್ವನ ದನಿ ಸಾಲಿಯೊಳಗೆ ಬರಬೇಕು. ಆದರೆ ಯಾವ ಷರತ್ತಿನ ಮೇಲೆ ಎಂಬುದನ್ನು ಆ ಅವ್ವನೇ ಹೇಳಬೇಕು.

ಷರತ್ತಿನ ಮಾತು ಯಾಕೆಂದರೆ, ದನಿ ಈಗ ಸಂಪತ್ತು. ಕಂಪ್ಯೂಟರಿಗೆ ನಮ್ಮ ಭಾಷೆ ಕಲಿಸಲಿಕ್ಕೆ ಜಿಲ್ಲೆ ಜಿಲ್ಲೆಯ ಜನರ ಮಾತು ಬೇಕಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ಲಿನ ನೆರವಿನಿಂದ ನಡೆಸುವ 'ವಾಣಿ' ಯೋಜನೆ ಈ ಕೆಲಸವನ್ನು ಬಹಿರಂಗವಾಗಿಯೇ ಮಾಡುತ್ತಿದೆ. ಯಂತ್ರ ನಮ್ಮ ಅಥಣಿಯ ಕನ್ನಡ ಕಲಿತರೆ ಒಳ್ಳೆಯದೇ. ಆದರೆ ನೂರಾರು ವರ್ಷ ಯಾರೂ ಕಿವಿಗೊಡದ ನಾಲಿಗೆಗೆ ಈಗ ಒಮ್ಮೆಲೆ ಇಷ್ಟು ಗಿರಾಕಿಗಳು ಬಂದಾಗ, ಬೆಲೆ ಯಾರ ಕೈಗೆ ಹೋಗುತ್ತದೆ ಎಂದು ಕೇಳುವುದು ನಮ್ಮ ಕರ್ತವ್ಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಹದಿನೆಂಟು ತುಂಬದ ಮಗುವಿನ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕು ಎನ್ನುತ್ತದೆ. ಮಗುವಿನ ದನಿಯನ್ನು ಯೂಟ್ಯೂಬಿಗೆ ಏರಿಸಿ 'ನಮ್ಮ ಸಾಲಿಯ ಪ್ರತಿಭೆ' ಎಂದು ಬರೆಯುವ ಮಾಸ್ತರರು ಈ ಮಾತನ್ನು ಮರೆಯಬಾರದು.

ಇದೆಲ್ಲ ಆಗುವ ಮಾತೇ ಎಂದು ಕೇಳುವವರಿಗೆ ಬೀದರಿನ ಗಡಿಯಾಚೆ, ಜಹೀರಾಬಾದಿನ ಹತ್ತಿರದ ಮಾಚನೂರು ಎಂಬ ಹಳ್ಳಿಯನ್ನು ತೋರಿಸುತ್ತೇವೆ. ಅಲ್ಲಿ ದಲಿತ ಹೆಣ್ಣುಮಕ್ಕಳು 2008ರ ಅಕ್ಟೋಬರಿನಲ್ಲಿ 'ಸಂಘಂ ರೇಡಿಯೊ' ಶುರುಮಾಡಿದರು. ಪರವಾನಿಗೆ ಸಿಗುವ ಮೊದಲೇ ವರ್ಷಗಟ್ಟಲೆ ಕ್ಯಾಸೆಟ್ಟಿನಲ್ಲಿ ಮುದ್ರಿಸಿ ತಮ್ಮ ಸಂಘಗಳಲ್ಲಿ ಕೇಳಿಸುತ್ತಿದ್ದರು. ನಮ್ಮದೇ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಈ ಶತಮಾನದ ಶುರುವಿನಲ್ಲೇ, ಗಾಳಿಯಲ್ಲಿ ಬಿತ್ತರಿಸಲು ಅನುಮತಿ ಇಲ್ಲದಾಗ, ಕೇಬಲ್ಲಿನ ತಂತಿಯ ಮೂಲಕ ಮನೆಗಳಿಗೆ ಊರಿನ ದನಿ ತಲುಪಿಸಿತು. ಇವರ ಕೈಯಲ್ಲಿ ಇದ್ದ ಯಂತ್ರಗಳಿಗಿಂತ ಇವತ್ತು ಮಾಸ್ತರರ ಕಿಸೆಯ ಮೊಬೈಲು ಎಷ್ಟೋ ಪಾಲು ದೊಡ್ಡದು.

ಮಾಡುವ ರೀತಿ

ಕಡೆಗೆ, ಟೀಕೆ ಮಾಡಿ ಕೈತೊಳೆದುಕೊಳ್ಳುವುದು ನಮ್ಮ ರೀತಿ ಅಲ್ಲ. ನಾವು ತಪ್ಪು ಮಾಡಿ ಕಲಿತ ನಾಲ್ಕು ಕಟ್ಟಳೆಗಳನ್ನು ಗೆಳೆಯರ ಮುಂದೆ ಇಡುತ್ತೇವೆ.

ಮೊದಲನೆಯದು, ದನಿ ಹಿಡಿಯುವ ಮೊದಲು ಯಾಕೆ, ಯಾರು ಕೇಳುತ್ತಾರೆ ಎಂದು ಹೇಳಬೇಕು. ಒಪ್ಪಿಗೆಯನ್ನು ಆ ದನಿಯಲ್ಲೇ ಮೊದಲ ಮಾತಾಗಿ ಮುದ್ರಿಸಬೇಕು, ಹೆಸರು ಊರು ತಾರೀಖಿನ ಜೊತೆ. ಹೆಸರು ಬ್ಯಾಡ ಎಂದರೆ ಬ್ಯಾಡ.

ಎರಡನೆಯದು, ಮುದ್ರಿಸಿದ್ದನ್ನು ಎಲ್ಲಕ್ಕಿಂತ ಮೊದಲು ಆಡಿದವರಿಗೇ ಕೇಳಿಸಬೇಕು. ಅವರು ತೆಗೆ ಎಂದದ್ದನ್ನು ತೆಗೆಯಬೇಕು. ನಿಪ್ಪಾಣಿಯ ಹತ್ತಿರ ಬೀಡಿ ಕಟ್ಟುವ ಒಬ್ಬ ಆಯಿ ತನ್ನ ಮಾತು ಪೂರ್ತಿ ಕೇಳಿ ಹೇಳಿದಳು: "ಗಂಡಂದು ತಗೀರಿ, ಸತ್ತಾನ, ಪಾಪ. ಸಾವಕಾರಂದು ಇರ್ಲಿ." ನಾವು ಹಾಗೇ ಮಾಡಿದೆವು. ಯಾವುದು ಇರಬೇಕು, ಯಾವುದು ಹೋಗಬೇಕು ಎಂಬ ಅವಳ ವಿವೇಕಕ್ಕೆ ನಮ್ಮ ತಿದ್ದುಪಡಿ ಬೇಕಾಗಲಿಲ್ಲ.

ಮೂರನೆಯದು, ಒಬ್ಬರ ದನಿ ಎಂದೂ ಒಂಟಿಯಾಗಿ ವರ್ಗಕ್ಕೆ ಬರಬಾರದು. ಚಪ್ಪಲಿ ಮಾಡುವವನ ಜೊತೆ ಮೆಟ್ಟುವವನದೂ, ಕಬ್ಬು ಕಡಿಯುವವಳ ಜೊತೆ ಹೊಲದ ಒಡೆಯನದೂ ಬರಬೇಕು.

ನಾಲ್ಕನೆಯದು, ದನಿ ಊರಿನಲ್ಲೇ ಇರಬೇಕು. ಇಂಟರ್ನೆಟ್ಟಿಗೆ ಏರಿಸುವುದು ಆಮೇಲಿನ ಮಾತು. ಸಾಲಿಯ ಕಪಾಟಿನಲ್ಲಿ ಒಂದು ಮೆಮರಿ ಕಾರ್ಡು, ಅದರ ಇನ್ನೊಂದು ಪ್ರತಿ ಕೇರಿಯ ಅಂಬೇಡ್ಕರ್ ಸಂಘದಲ್ಲಿ ಇಲ್ಲವೇ ಹೆಣ್ಣುಮಕ್ಕಳ ಸಂಘದಲ್ಲಿ, ಜೊತೆಗೆ ಯಾರ ದನಿ, ಯಾವ ದಿನ ಎಂದು ಬರೆದಿಟ್ಟ ಒಂದು ವಹಿ. ತಿಂಗಳಿಗೊಮ್ಮೆ ಪ್ರಾರ್ಥನೆಯ ಸ್ಪೀಕರಿನಲ್ಲಿ ಹತ್ತು ನಿಮಿಷ ಕೇಳಿಸಿದರೆ ಅದೇ ಪಾಡ್‌ಕಾಸ್ಟ್. ಸ್ಟುಡಿಯೊ ಬ್ಯಾಡ. ಮೊಬೈಲನ್ನು ಏರೋಪ್ಲೇನ್ ಮೋಡಿನಲ್ಲಿ ಇಟ್ಟು, ಬಾಯಿಂದ ಒಂದು ಗೇಣು ದೂರ ಹಿಡಿಯಿರಿ. ಫ್ಯಾನು ಆರಿಸಿರಿ. ತಗಡಿನ ಕೋಣೆ ಗುಂಯ್‌ಗುಟ್ಟಿದರೆ ಗೋಡೆಗೆ ಎರಡು ಕೌದಿ ಕಟ್ಟಿರಿ. ಅವ್ವನ ಕೌದಿಗಿಂತ ಒಳ್ಳೆಯ ಸ್ಟುಡಿಯೊ ನಮಗೆ ಸಿಕ್ಕಿಲ್ಲ.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಗುಲಾಮಗಿರಿಯನ್ನು ಮೈಮೇಲೆ ಉಂಡವರ ದನಿಗಳಿವೆ. ಲಕ್ಷ ಲಕ್ಷ ಗುಲಾಮರಲ್ಲಿ ಉಳಿದದ್ದು ಎರಡು ಡಜನ್ನಿನಷ್ಟು ಜನರ ಕೆಲವೇ ತಾಸುಗಳ ಮಾತು. ಮುದ್ರಿಸುವವರು ಹೋದಾಗ ಆ ಮುದುಕರ ಆಯುಷ್ಯ ತೀರುತ್ತ ಬಂದಿತ್ತು. ನಮ್ಮ ತಾಲೂಕುಗಳಲ್ಲಿ ಬಾವಿಯಿಂದ ಓಡಿಸಿದ್ದನ್ನು, ಸಾಲಿಯ ಹೊರಗೆ ಕೂಡಿಸಿದ್ದನ್ನು, 1972ರ ಬರದಲ್ಲಿ ಕಲ್ಲು ಒಡೆದದ್ದನ್ನು, ಮುತ್ತು ಕಟ್ಟಿಸಿಕೊಂಡದ್ದನ್ನು ತಮ್ಮ ಬಾಯಿಂದ ಹೇಳಬಲ್ಲವರು ಇನ್ನೂ ಇದ್ದಾರೆ. ಪ್ರತಿ ಮಳೆಗಾಲ ಅವರಲ್ಲಿ ಕೆಲವರು ಹೋಗುತ್ತಿದ್ದಾರೆ.

ಹಳ್ಳಿಯ ಮಾಸ್ತರರೇ, ಅಕ್ಕೋರೇ, ಕಾಲೇಜಿನ ಗೆಳೆಯರೇ, ಮುಂದಿನ ತರಬೇತಿಗೆ, ಮುಂದಿನ ಸುತ್ತೋಲೆಗೆ ಕಾಯಬೇಡಿ. ಈ ವಾರ ಒಬ್ಬ ಮಗುವನ್ನು ಅದರ ಆಯಿಯ ಹತ್ತಿರ ಕಳಿಸಿರಿ. "ಆಯಿ, ನೀ ಸಾಲಿಗಿ ಯಾಕ ಹೋಗಲಿಲ್ಲ?" ಈ ಒಂದೇ ಪ್ರಶ್ನೆ ಸಾಕು. ಮಗು ಕೇಳಲಿ, ಆಯಿ ಹೇಳಲಿ, ಇಬ್ಬರೂ ಕೂಡಿ ಅದನ್ನು ಕಾದಿಡಲಿ. ಮೂರನೆಯ ಬೀಗ ಅಲ್ಲಿಂದ ಬಿಚ್ಚಲಿ.